47 ಎಂದು ಬರೆದ ಮಗು ತಪ್ಪಿದ್ದೆಲ್ಲಿ? ಸ್ಪೇಷಿಯಲ್ ರೀಸನಿಂಗ್ ಅಳೆಯುವ ಬಗೆ

ಒಂದು ಪೆಟ್ಟಿಗೆಯ ಚಿತ್ರವಿದೆ ಅಂದುಕೊಳ್ಳಿ. ಒಂದೇ ಅಳತೆಯ ಪುಟ್ಟ ಘನಗಳನ್ನು ಸಂದಿಲ್ಲದಂತೆ ಜೋಡಿಸಿ ಮಾಡಿದ ಪೆಟ್ಟಿಗೆ. ಎತ್ತರಕ್ಕೆ 3 ಘನ, ಅಗಲಕ್ಕೆ 4, ಉದ್ದಕ್ಕೆ 5. ಚಿತ್ರದಲ್ಲಿ ಮುಂಬದಿ, ಒಂದು ಪಕ್ಕ, ಮೇಲ್ಭಾಗ ಇಷ್ಟೇ ಕಾಣುತ್ತವೆ. ಪ್ರಶ್ನೆ ಸರಳ: ಒಟ್ಟು ಎಷ್ಟು ಘನಗಳಿವೆ?

ಉತ್ತರ 60. ಆದರೆ ಆರು, ಏಳು, ಎಂಟನೇ ತರಗತಿಯ ಮಕ್ಕಳಿಗೆ ಇಂಥ ಪ್ರಶ್ನೆ ಕೊಟ್ಟರೆ ಬರೀ 60 ಬರುವುದಿಲ್ಲ. 47 ಬರುತ್ತದೆ. 94 ಬರುತ್ತದೆ. 36, 72 ಕೂಡ ಬರುತ್ತವೆ. ಉತ್ತರಪತ್ರಿಕೆ ತಿದ್ದುವವರಿಗೆ ಎಲ್ಲವೂ ಒಂದೇ. ಕೆಂಪು ಶಾಯಿಯ ಗೆರೆ, ಸೊನ್ನೆ ಅಂಕ, ಮುಂದಿನ ಪ್ರಶ್ನೆ.

ಸ್ವಲ್ಪ ನಿಂತು ನೋಡೋಣ. ಮುಂಬದಿಯಲ್ಲಿ 15 ಚೌಕ, ಪಕ್ಕದಲ್ಲಿ 12, ಮೇಲೆ 20. ಕೂಡಿಸಿದರೆ 47. ಅಂದರೆ ಈ ಮಗು ಕಾಣುವ ಚೌಕಗಳನ್ನು ಎಣಿಸಿದೆ, ಘನಗಳನ್ನಲ್ಲ. ಮೂಲೆಯಲ್ಲಿರುವ ಒಂದೇ ಘನ ಮೂರು ಕಡೆಯಿಂದ ಕಂಡರೆ ಅದನ್ನು ಮೂರು ಸಲ ಎಣಿಸಿದೆ. 94 ಬರೆದ ಮಗು ಹಿಂದೆಯೂ ಏನೋ ಇದೆ ಎಂದು ತಿಳಿದು 47ನ್ನು ಎರಡರಿಂದ ಗುಣಿಸಿದೆ. ಅದು ನಿಜಕ್ಕೂ ಸರಿಯಾದ ಉತ್ತರವೇ, ಆದರೆ ಬೇರೊಂದು ಪ್ರಶ್ನೆಗೆ: ಪೆಟ್ಟಿಗೆಯ ಹೊರಮೈ ಎಷ್ಟು ಎಂಬುದಕ್ಕೆ. 36 ಬರೆದ ಮಗು ಘನಗಳನ್ನೇ ಎಣಿಸಿದೆ, ಒಂದನ್ನೂ ಎರಡು ಸಲ ಎಣಿಸಿಲ್ಲ. ಆದರೆ ಒಳಗೆ ಅಡಗಿರುವ 24 ಘನಗಳು ಅದರ ಲೆಕ್ಕದಲ್ಲೇ ಇಲ್ಲ. 72 ಬರೆದ ಮಗು ಆ 36ನ್ನು ದುಪ್ಪಟ್ಟು ಮಾಡಿದೆ.

ನಾಲ್ಕು ತಪ್ಪು, ನಾಲ್ಕು ಬೇರೆ ಬೇರೆ ಯೋಚನೆ. ಇದು ನಾನು ಕಟ್ಟಿದ ಪಟ್ಟಿಯಲ್ಲ. ಡೇವಿಡ್ ಬೆನ್-ಚೈಮ್, ಗ್ಲೆಂಡಾ ಲ್ಯಾಪನ್, ರಿಚರ್ಡ್ ಹೌವಾಂಗ್ ಎಂಬ ಸಂಶೋಧಕರು ಅಮೆರಿಕದಲ್ಲಿ 5ರಿಂದ 8ನೇ ತರಗತಿಯ ಮಕ್ಕಳ ಉತ್ತರಗಳನ್ನು ನೋಡಿ 1985ರಲ್ಲಿ ಇದೇ ನಾಲ್ಕು ಬಗೆಯ ತಪ್ಪುಗಳನ್ನು ವಿಂಗಡಿಸಿ ತೋರಿಸಿದ್ದರು. ಮಕ್ಕಳ ಸ್ಪೇಷಿಯಲ್ ರೀಸನಿಂಗ್ ಅಳೆಯುವುದು ಹೇಗೆ ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಈ ನಾಲ್ಕು ಸಂಖ್ಯೆಗಳೇ. ಒಟ್ಟು ಅಂಕಕ್ಕಿಂತ ಜಾಸ್ತಿ ವಿಷಯ ಇರುವುದು ಅಲ್ಲಿ.

ಹೆಸರಿನ ಬಗ್ಗೆ ಒಂದು ಮಾತು. ಇದನ್ನು ಕನ್ನಡದಲ್ಲಿ 'ಪ್ರಾದೇಶಿಕ ತಾರ್ಕಿಕತೆ' ಎಂದು ಬರೆದದ್ದನ್ನು ನೋಡಿದ್ದೇನೆ. ಓದಿದವರಿಗೆ ಪ್ರಾದೇಶಿಕ ಪಕ್ಷ, ಪ್ರಾದೇಶಿಕ ಸುದ್ದಿ ನೆನಪಾಗುತ್ತದೆಯೇ ಹೊರತು ಘನವೂ ಇಲ್ಲ, ನಕ್ಷೆಯೂ ಇಲ್ಲ. ಹಾಗಾಗಿ ಸ್ಪೇಷಿಯಲ್ ರೀಸನಿಂಗ್ ಎಂದೇ ಬರೆಯುತ್ತೇನೆ. ಬಿಡಿಸಿ ಹೇಳಬೇಕೆಂದರೆ, ವಸ್ತು ಎಲ್ಲಿದೆ, ಯಾವ ಆಕಾರದಲ್ಲಿದೆ, ತಿರುಗಿಸಿದರೆ, ಮಡಿಸಿದರೆ, ಇನ್ನೊಂದು ಕಡೆಯಿಂದ ನೋಡಿದರೆ ಹೇಗೆ ಕಾಣುತ್ತದೆ ಎಂಬುದನ್ನು ಕೈಯಲ್ಲಿ ಮುಟ್ಟದೆ ತಲೆಯಲ್ಲೇ ಮಾಡಿ ನೋಡುವುದು.

ಮಿಡಲ್ ಸ್ಕೂಲ್ ವಯಸ್ಸಿನಲ್ಲಿ, ಅಂದರೆ ಹೆಚ್ಚುಕಡಿಮೆ 11ರಿಂದ 13 ವರ್ಷದಲ್ಲಿ, ಇದು ಯಾಕೆ ಮುಖ್ಯವಾಗುತ್ತದೆ? ಅಲ್ಲಿಯವರೆಗೆ ಪುಸ್ತಕದಲ್ಲಿ ಚಪ್ಪಟೆಯಾಗಿದ್ದ ಗಣಿತ ಆಗ ದಪ್ಪವಾಗತೊಡಗುತ್ತದೆ. ಘನಫಲ ಬರುತ್ತದೆ, ಗ್ರಾಫ್ ಬರುತ್ತದೆ, ಆಕೃತಿಯ ಪ್ರತಿಬಿಂಬ ಬರುತ್ತದೆ. ವಿಜ್ಞಾನದಲ್ಲಿ ಚಂದ್ರ ಬೆಳೆದು ಕರಗುವ ಬಗೆ, ಕಣ್ಣಿನ ಸೀಳುನೋಟ, ಸಮಾಜದಲ್ಲಿ ಭೂಪಟ. ಎಲ್ಲದರಲ್ಲೂ ಕಾಗದದ ಮೇಲಿನ ಚಿತ್ರವನ್ನು ತಲೆಯಲ್ಲಿ ನಿಜವಾದ ವಸ್ತುವಾಗಿ ಎಬ್ಬಿಸಿ ನಿಲ್ಲಿಸಬೇಕು. ಆಗದವರಿಗೆ ಪಾಠ ಅರ್ಥವಾಗುವುದಿಲ್ಲ. ಆದರೆ ಯಾಕೆ ಅರ್ಥವಾಗುತ್ತಿಲ್ಲ ಎಂದು ಹೇಳಲೂ ಅವರಿಗೆ ಬರುವುದಿಲ್ಲ.

ಒಂದೇ ಹೆಸರು, ಮೂರು ಕೆಲಸ

ಇದನ್ನು ಒಂದೇ ಶಕ್ತಿ ಎಂದುಕೊಂಡರೆ ಮೊದಲ ಹೆಜ್ಜೆಯಲ್ಲೇ ಎಡವುತ್ತೇವೆ. ಸಂಶೋಧಕರು ಇದನ್ನು ಬೇರೆ ಬೇರೆ ರೀತಿ ವಿಂಗಡಿಸುತ್ತಾರೆ, ಜಗಳವೂ ಇದೆ. ಶಾಲೆಯ ಕೆಲಸಕ್ಕೆ ಮೂರು ಭಾಗ ಸಾಕು.

ಮೊದಲನೆಯದು ಮೆಂಟಲ್ ರೊಟೇಶನ್, ಮನಸ್ಸಿನಲ್ಲೇ ತಿರುಗಿಸುವುದು. ಒಂದು ವಸ್ತುವಿನ ಎರಡು ಚಿತ್ರ ಕೊಡುತ್ತಾರೆ. ಒಂದನ್ನು ತಿರುಗಿಸಿದರೆ ಇನ್ನೊಂದು ಸಿಗುತ್ತದೆಯೋ, ಅಥವಾ ಅದು ಕನ್ನಡಿಯ ಬಿಂಬವೋ ಎಂದು ಹೇಳಬೇಕು. ಎಡಗಾಲಿನ ಚಪ್ಪಲಿಯನ್ನು ಎಷ್ಟೇ ತಿರುಗಿಸಿದರೂ ಅದು ಬಲಗಾಲಿನದಾಗುವುದಿಲ್ಲ, ಅಲ್ವಾ? ಪರೀಕ್ಷೆಯಲ್ಲಿ ಕೇಳುವುದು ಅದನ್ನೇ. ಚಪ್ಪಲಿಯ ಬದಲು ಘನಗಳನ್ನು ಜೋಡಿಸಿದ ಡೊಂಕು ಕೋಲು ಇರುತ್ತದೆ, ಅಷ್ಟೇ.

ಇದರ ಹಿಂದೆ ಒಂದು ಸೊಗಸಾದ ಪ್ರಯೋಗವಿದೆ. ರೋಜರ್ ಶೆಪರ್ಡ್ ಎಂಬ ಮನೋವಿಜ್ಞಾನಿಗೆ 1968ರ ಒಂದು ಬೆಳಗಿನ ಜಾವ ಅರೆನಿದ್ದೆಯಲ್ಲಿ ಗಾಳಿಯಲ್ಲಿ ಮೆಲ್ಲಗೆ ತಿರುಗುವ ಆಕಾರಗಳು ಕಂಡವಂತೆ. ಎದ್ದು ಅದನ್ನೇ ಪ್ರಯೋಗ ಮಾಡಿದರು. ಜಾಕ್ವೆಲಿನ್ ಮೆಟ್ಜ್ಲರ್ ಜೊತೆ ಸೇರಿ 1971ರಲ್ಲಿ ಪ್ರಕಟಿಸಿದ ಆ ಕೆಲಸದಲ್ಲಿ ಇದ್ದದ್ದು ಬರೀ 8 ಜನ, ಆದರೆ ಒಬ್ಬೊಬ್ಬರೂ ನೋಡಿದ್ದು 1600 ಜೋಡಿ ಚಿತ್ರ. ಎರಡು ಚಿತ್ರಗಳ ನಡುವಿನ ಕೋನ ಹೆಚ್ಚಾದಷ್ಟೂ ಉತ್ತರಕ್ಕೆ ಹಿಡಿಯುವ ಸಮಯವೂ ಅದೇ ಅಳತೆಯಲ್ಲಿ, ಗೆರೆ ಎಳೆದ ಹಾಗೆ, ಹೆಚ್ಚುತ್ತಾ ಹೋಯಿತು. ಲೆಕ್ಕ ಹಾಕಿದರೆ ಸೆಕೆಂಡಿಗೆ ಸುಮಾರು 60 ಡಿಗ್ರಿ. ತಲೆಯೊಳಗೆ ನಿಜಕ್ಕೂ ಏನೋ ತಿರುಗುತ್ತಿದೆ ಎನ್ನುವಂತೆ! ಇದೇ ಬಗೆಯ ಚಿತ್ರಗಳನ್ನು ಇಟ್ಟುಕೊಂಡು ವ್ಯಾಂಡೆನ್‌ಬರ್ಗ್ ಮತ್ತು ಕ್ಯೂಸ್ 1978ರಲ್ಲಿ ಕಾಗದ-ಪೆನ್ಸಿಲಿನ ಪರೀಕ್ಷೆ ಮಾಡಿದರು. ಇಂದಿಗೂ ಜಗತ್ತಿನಲ್ಲಿ ತುಂಬಾ ಬಳಕೆಯಲ್ಲಿರುವ ಪರೀಕ್ಷೆ ಅದು. ಒಂದೊಂದು ಪ್ರಶ್ನೆಗೂ ನಾಲ್ಕು ಆಯ್ಕೆ, ಅದರಲ್ಲಿ ಎರಡು ಸರಿ. ಸಾಮಾನ್ಯವಾಗಿ ಎರಡನ್ನೂ ಹಿಡಿದರೆ ಮಾತ್ರ ಅಂಕ. ಸುಮ್ನೆ ಊಹಿಸಿ ಗೆಲ್ಲುವುದು ಕಷ್ಟವಾಗಲಿ ಎಂದು ಈ ಏರ್ಪಾಡು.

ಎರಡನೆಯದು ಸ್ಪೇಷಿಯಲ್ ಓರಿಯೆಂಟೇಶನ್. ಇಲ್ಲಿ ವಸ್ತು ತಿರುಗುವುದಿಲ್ಲ, ನೋಡುವವರು ತಿರುಗುತ್ತಾರೆ. 'ನೀನು ಆ ಮರದ ಹತ್ತಿರ ನಿಂತು ಬಾವಿಯ ಕಡೆ ಮುಖ ಮಾಡಿದ್ದೀಯ, ಮನೆ ನಿನ್ನ ಯಾವ ಕಡೆಗಿದೆ?' ಎಂಬಂಥ ಪ್ರಶ್ನೆ. ಉತ್ತರ ದಿಕ್ಕು ಮೇಲಿರುವ ಒಂದು ನಕ್ಷೆ ತೆಗೆದುಕೊಳ್ಳಿ. ಮೇಲಿಂದ ಕೆಳಕ್ಕೆ, ಅಂದರೆ ದಕ್ಷಿಣಕ್ಕೆ ನಡೆಯುತ್ತಿದ್ದೀರಿ. ಈಗ ಪೂರ್ವಕ್ಕೆ ಹೋಗಬೇಕು. ಕಾಗದದಲ್ಲಿ ಪೂರ್ವ ಇರುವುದು ಬಲಗಡೆ. ನಡೆಯುತ್ತಿರುವ ನಿಮಗೆ ಮಾತ್ರ ಅದು ಎಡಗಡೆ. ಕಾಗದದ ಬಲಕ್ಕೂ ತನ್ನ ಮೈಯ ಬಲಕ್ಕೂ ಇರುವ ಈ ವ್ಯತ್ಯಾಸ ಹಿಡಿಯುವುದೇ ಈ ಕೌಶಲ. ನನಗಂತೂ ಇಂದಿಗೂ ಫೋನಿನ ಮ್ಯಾಪನ್ನು ನಾನು ಹೋಗುವ ದಿಕ್ಕಿಗೇ ತಿರುಗಿಸಿಕೊಳ್ಳದಿದ್ದರೆ ದಾರಿ ತಪ್ಪುತ್ತದೆ. ತಿರುಗುವ ಘನಗಳ ಪ್ರಶ್ನೆಯಲ್ಲಿ ಅಷ್ಟು ಕಷ್ಟವಿಲ್ಲ. ಇದು ನನ್ನೊಬ್ಬನ ವಿಚಿತ್ರವೇನಲ್ಲ. ವಸ್ತುವನ್ನು ತಿರುಗಿಸುವ ಶಕ್ತಿ ಮತ್ತು ತಾನೇ ಇನ್ನೊಂದು ಜಾಗದಲ್ಲಿ ನಿಂತು ನೋಡುವ ಶಕ್ತಿ ಹತ್ತಿರದ ನೆಂಟರಾದರೂ ಒಂದೇ ಅಲ್ಲ ಎಂದು ಮೇರಿ ಹೆಗಾರ್ಟಿ ಮತ್ತು ಡೇವಿಡ್ ವಾಲರ್ 2004ರಲ್ಲಿ ತೋರಿಸಿದ್ದಾರೆ.

ಮೂರನೆಯದು ಸ್ಪೇಷಿಯಲ್ ವಿಶುವಲೈಸೇಶನ್. ಒಂದೇ ತಿರುವಿನಲ್ಲಿ ಮುಗಿಯದ, ಹಲವು ಹಂತಗಳಿರುವ ಕೆಲಸ. ಕಾಗದ ಮಡಿಸುವುದು, ರಟ್ಟನ್ನು ಮಡಚಿ ಪೆಟ್ಟಿಗೆ ಮಾಡುವುದು, ಮೇಲೆ ಹೇಳಿದ ಘನಗಳ ಎಣಿಕೆ. ಇದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ಮಡಿಸಿದ ಕಾಗದದಲ್ಲಿ ಒಂದು ತೂತು

ಚೌಕಾಕಾರದ ಒಂದು ಹಾಳೆ. ಬಲಗಡೆಯ ಅರ್ಧವನ್ನು ಎಡಗಡೆಯ ಮೇಲೆ ಮಡಿಸಿ. ಆಮೇಲೆ ಮೇಲಿನ ಅರ್ಧವನ್ನು ಕೆಳಕ್ಕೆ ಮಡಿಸಿ. ಈಗ ನಿಮ್ಮ ಮುಂದಿರುವುದು ನಾಲ್ಕು ಪದರದ ಪುಟ್ಟ ಚೌಕ. ಅದರ ಕೆಳಗಿನ ಎಡ ಮೂಲೆಯ ಹತ್ತಿರ ಒಂದು ತೂತು ಹಾಕಿ. ಬಿಡಿಸಿದರೆ ತೂತುಗಳು ಎಲ್ಲೆಲ್ಲಿ ಇರುತ್ತವೆ?

ಕಾಗದ ತರಬೇಡಿ, ತಲೆಯಲ್ಲೇ ಮಾಡಿ.

ಹಾಳೆಯ ನಾಲ್ಕು ಮೂಲೆಗಳಲ್ಲಿ ನಾಲ್ಕು ತೂತು. ಇದೇ ಬಗೆಯ ಪ್ರಶ್ನೆಗಳಿರುವ ಪೇಪರ್ ಫೋಲ್ಡಿಂಗ್ ಟೆಸ್ಟ್ 1976ರಲ್ಲಿ ಅಮೆರಿಕದ ಎಜುಕೇಶನಲ್ ಟೆಸ್ಟಿಂಗ್ ಸರ್ವಿಸ್ ಹೊರತಂದ ಪರೀಕ್ಷೆಗಳ ಗುಚ್ಛದಲ್ಲಿದೆ. 20 ಪ್ರಶ್ನೆ, ಎರಡು ಭಾಗ, ಭಾಗಕ್ಕೆ 3 ನಿಮಿಷ, ಪ್ರತಿ ಪ್ರಶ್ನೆಗೆ ಐದು ಆಯ್ಕೆ.

ಈಗ ತಪ್ಪು ಉತ್ತರಗಳಿಗೆ ಬರೋಣ. 'ಎರಡು ತೂತು, ಎಡಗಡೆ ಮೇಲೊಂದು ಕೆಳಗೊಂದು' ಎಂದ ಮಗು ಕೊನೆಯ ಮಡಿಕೆಯನ್ನು ಸರಿಯಾಗಿ ಬಿಡಿಸಿದೆ. ಆದರೆ ಅದಕ್ಕೂ ಮೊದಲೊಂದು ಮಡಿಕೆ ಇತ್ತು ಎಂಬುದು ನೆನಪಿನಿಂದ ಜಾರಿದೆ. ಇಲ್ಲಿ ಸೋತದ್ದು ಆಕಾರದ ತಿಳುವಳಿಕೆಯಲ್ಲ, ಹಂತಗಳನ್ನು ತಲೆಯಲ್ಲಿ ಹಿಡಿದಿಟ್ಟುಕೊಳ್ಳುವ ನೆನಪು. ಇನ್ನೊಂದು ಮಗು ನಾಲ್ಕು ತೂತು ಎಂದೇ ಹೇಳುತ್ತದೆ, ಆದರೆ ಹಾಳೆಯ ನಾಲ್ಕು ಭಾಗಗಳಲ್ಲೂ ಕೆಳಗಿನ ಎಡ ಮೂಲೆಯಲ್ಲೇ ಇಡುತ್ತದೆ. ಹಾಗಾದಾಗ ಒಂದು ತೂತು ಹಾಳೆಯ ನಟ್ಟನಡುವೆ ಬಂದುಬಿಡುತ್ತದೆ. ಎಣಿಕೆ ಸರಿ, ಜಾಗ ತಪ್ಪು. ಮಡಿಕೆ ಎಂದರೆ ಕನ್ನಡಿ, ನಕಲು ಅಲ್ಲ ಎಂಬುದು ಆ ಮಗುವಿಗೆ ಇನ್ನೂ ಹೊಳೆದಿಲ್ಲ. ಮೊದಲನೆಯ ಮಗುವಿಗೆ ಹಂತ ಹಂತವಾಗಿ ಚಿತ್ರ ಬರೆದುಕೊಳ್ಳಲು ಹೇಳಿಕೊಟ್ಟರೆ ಸಾಕು. ಎರಡನೆಯದಕ್ಕೆ ಕನ್ನಡಿ, ಕತ್ತರಿ, ಕಾಗದ ಬೇಕು. ಇಬ್ಬರಿಗೂ ಸಿಕ್ಕಿದ್ದು ಸೊನ್ನೆ.

ಹಾಗಾಗಿ ಒಳ್ಳೆಯ ಪರೀಕ್ಷೆ ಮಾಡುವವರು ಅತಿ ಜಾಸ್ತಿ ತಲೆ ಕೆಡಿಸಿಕೊಳ್ಳುವುದು ತಪ್ಪು ಆಯ್ಕೆಗಳ ಬಗ್ಗೆ. ಸರಿ ಉತ್ತರ ಬರೆಯುವುದು ಸುಲಭ. ಮಕ್ಕಳು ನಿಜಕ್ಕೂ ಮಾಡುವ ತಪ್ಪನ್ನೇ ಆಯ್ಕೆಯಾಗಿ ಕೊಟ್ಟರೆ, ಅವರು ಯಾವುದಕ್ಕೆ ಗುರುತು ಹಾಕಿದರು ಎಂಬುದೇ ಒಂದು ಸುಳಿವು. ಬಾಯಿಗೆ ಬಂದ ನಾಲ್ಕು ಸಂಖ್ಯೆ ತುಂಬಿಸಿದರೆ ಆ ಸುಳಿವು ಕೈತಪ್ಪುತ್ತದೆ.

ಸರಿ ಉತ್ತರವೂ ಸುಳ್ಳು ಹೇಳಬಹುದು

ಇನ್ನೂ ಸಿಕ್ಕಿನ ವಿಷಯ ಇದು. ಆರು ಚೌಕಗಳನ್ನು ಅಂಚಿಗೆ ಅಂಚು ತಾಗಿಸಿ 35 ಬೇರೆ ಬೇರೆ ಆಕಾರ ಮಾಡಬಹುದು. ಅದರಲ್ಲಿ ಮಡಚಿದರೆ ಘನವಾಗುವವು 11 ಮಾತ್ರ. ಇಂಥ ಬಿಚ್ಚಿಟ್ಟ ಘನದ ಚಿತ್ರವನ್ನು ನೆಟ್ ಎನ್ನುತ್ತಾರೆ. ತುಂಬಾ ಪರಿಚಿತವಾದದ್ದು ಒಂದು ಸಾಲಿನಲ್ಲಿ ನಾಲ್ಕು ಚೌಕ, ಮೇಲೊಂದು ರೆಕ್ಕೆ, ಕೆಳಗೊಂದು ರೆಕ್ಕೆ. ಪ್ರಶ್ನೆ: ಮಡಚಿದಾಗ ಮೊದಲನೇ ಚೌಕದ ಎದುರು ಮುಖ ಯಾವುದು?

ಒಂದು ಮಗು ಕಣ್ಣು ಮುಚ್ಚಿ ಪಟ್ಟಿಯನ್ನು ಒಂದೊಂದೇ ಅಂಚಿನಲ್ಲಿ ಎತ್ತಿ, ಮಡಚಿ, ಮೂರನೇ ಚೌಕ ಎನ್ನುತ್ತದೆ. ಇನ್ನೊಂದು ಮಗುವಿಗೆ ಯಾರೋ ಹೇಳಿಕೊಟ್ಟಿದ್ದಾರೆ: 'ಒಂದು ಬಿಟ್ಟು ಒಂದು.' ಅದೂ ಮೂರನೇ ಚೌಕ ಎನ್ನುತ್ತದೆ, ಎರಡೇ ಸೆಕೆಂಡಿನಲ್ಲಿ. ಇಬ್ಬರಿಗೂ ಪೂರ್ತಿ ಅಂಕ.

ಎರಡನೇ ಮಗು ಮೋಸ ಮಾಡಿದೆಯೇ? ಖಂಡಿತ ಇಲ್ಲ. ನಿಯಮ ಬಳಸುವುದೂ ಬುದ್ಧಿಯೇ. ಆದರೆ ನಾವು ಅಳೆಯಬೇಕೆಂದುಕೊಂಡದ್ದು ಮನಸ್ಸಿನಲ್ಲಿ ಮಡಚುವ ಶಕ್ತಿಯನ್ನು. ಅಳೆದದ್ದು ಒಂದು ನಿಯಮದ ನೆನಪನ್ನು. ಚೌಕಗಳು ಒಂದೇ ಸಾಲಿನಲ್ಲಿಲ್ಲದ, ಮೆಟ್ಟಿಲಿನ ಆಕಾರದ ನೆಟ್ ಕೊಟ್ಟರೆ ಇಬ್ಬರ ನಡುವಿನ ವ್ಯತ್ಯಾಸ ಹೊರಬೀಳುತ್ತದೆ. ತಿರುಗಿಸುವ ಪ್ರಶ್ನೆಗಳಲ್ಲೂ ಹೀಗೆಯೇ. ಕೆಲವರು ಇಡೀ ವಸ್ತುವನ್ನು ತಿರುಗಿಸುತ್ತಾರೆ. ಕೆಲವರು 'ಈ ತುದಿ ಮೇಲಕ್ಕೆ, ಆಮೇಲೆ ಎರಡು ಘನ, ಆಮೇಲೆ ಬಲಕ್ಕೆ' ಎಂದು ಮಾತಿನಲ್ಲೇ ಲೆಕ್ಕ ಹಾಕುತ್ತಾರೆ. ಉತ್ತರ ಬರುತ್ತದೆ, ನಿಧಾನವಾಗಿ.

ಚಿತ್ರ ಓದುವುದೇ ಒಂದು ಕಲಿಕೆ ಎಂಬುದನ್ನೂ ಮರೆಯುತ್ತೇವೆ. ಚುಕ್ಕಿ ಹಾಳೆಯ ಮೇಲೆ ಓರೆಯಾಗಿ ಬರೆದ ಘನವನ್ನು ಮೊದಲ ಸಲ ನೋಡುವ ಮಗುವಿಗೆ ಅದು ಘನವಲ್ಲ, ಮೂರು ವಜ್ರಾಕೃತಿ ಸೇರಿ ಆದ ಷಟ್ಕೋನ. ಅದು ತಪ್ಪೂ ಅಲ್ಲ, ಕಾಗದದ ಮೇಲೆ ನಿಜವಾಗಿ ಇರುವುದು ಅದೇ. ಅದನ್ನು ಘನ ಎಂದು ಓದುವ ರೂಢಿ ನಮಗಾಗಿದೆ. ಬ್ಲಾಕುಗಳನ್ನು ಜೋಡಿಸಿ ಆಡಿದ, ಕಟ್ಟಡದ ಆಟಗಳನ್ನು ಪರದೆಯ ಮೇಲೆ ಆಡಿದ ಮಗುವಿಗೆ ಈ ರೂಢಿ ಮೊದಲೇ ಇರುತ್ತದೆ. ಇಲ್ಲದ ಮಗು ಪರೀಕ್ಷೆಯಲ್ಲಿ ಹಿಂದೆ ಬಿದ್ದರೆ ಅದರ ಯೋಚನೆಯನ್ನು ಅಳೆದೆವೋ, ಚಿತ್ರದ ಪರಿಚಯವನ್ನೋ? ಪರೀಕ್ಷೆಗೆ ಮುಂಚೆ ನಿಜವಾದ ಘನಗಳನ್ನೂ ಅವುಗಳದೇ ಚಿತ್ರವನ್ನೂ ಪಕ್ಕಪಕ್ಕ ಇಟ್ಟು ಹತ್ತು ನಿಮಿಷ ತೋರಿಸಿದರೆ ಈ ಅನ್ಯಾಯ ಬಹಳಷ್ಟು ಕಡಿಮೆಯಾಗುತ್ತದೆ.

ಈ ವಯಸ್ಸಿಗೆಂದೇ ಮಾಡಿದ ಪರೀಕ್ಷೆ

ಹೆಸರಾಂತ ಪರೀಕ್ಷೆಗಳಲ್ಲಿ ಹೆಚ್ಚಿನವು ದೊಡ್ಡವರಿಗಾಗಿ ಮಾಡಿದವು. ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ, ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಬಹಳ ಬಳಕೆಯಲ್ಲಿರುವ ತಿರುಗಿಸುವ ಪರೀಕ್ಷೆಯನ್ನು 12 ವರ್ಷದ ಮಗುವಿಗೆ ಕೊಟ್ಟರೆ ಅರ್ಧ ತರಗತಿ ಊಹೆಯಲ್ಲೇ ಉತ್ತರಿಸುವ ಅಪಾಯವಿದೆ. ಎಲ್ಲರೂ ತಳದಲ್ಲೇ ಗುಂಪುಗೂಡಿದರೆ ಯಾರಿಗೆ ಏನು ಬರುತ್ತದೆ ಎಂದು ತಿಳಿಯುವುದೇ ಇಲ್ಲ.

ಈ ಕೊರತೆ ತುಂಬಲು ಅಜಯ್ ರಾಮ್‌ಫುಲ್, ಟಾಮ್ ಲೌರಿ, ಟ್ರೇಸಿ ಲೋಗನ್ ಸೇರಿ ಸ್ಪೇಷಿಯಲ್ ರೀಸನಿಂಗ್ ಇನ್‌ಸ್ಟ್ರುಮೆಂಟ್ ಎಂಬ ಪರೀಕ್ಷೆ ರೂಪಿಸಿದರು. ಅದು 2017ರಲ್ಲಿ ನಿಯತಕಾಲಿಕದಲ್ಲಿ ಅಚ್ಚಾಯಿತು. 11ರಿಂದ 13 ವರ್ಷದ ಮಕ್ಕಳಿಗೆಂದೇ ಮಾಡಿದ 30 ಬಹು ಆಯ್ಕೆಯ ಪ್ರಶ್ನೆಗಳು ಅದರಲ್ಲಿವೆ. ಮೇಲೆ ಹೇಳಿದ ಮೂರೂ ಭಾಗಗಳು ಅದರಲ್ಲಿ ಬೇರೆ ಬೇರೆಯಾಗಿವೆ: ತಿರುಗಿಸುವುದು, ದಿಕ್ಕು ಹಿಡಿಯುವುದು, ಹಂತಗಳಲ್ಲಿ ಕಲ್ಪಿಸುವುದು. ನನಗೆ ಇದರಲ್ಲಿ ಹಿಡಿಸಿದ್ದು ಈ ಬೇರ್ಪಡಿಸುವಿಕೆಯೇ. ಒಬ್ಬ ಹುಡುಗ 30ಕ್ಕೆ 18 ತೆಗೆದ ಎಂದರೆ ಏನೂ ಹೇಳಿದಂತಾಗಲಿಲ್ಲ. ತಿರುಗಿಸುವುದರಲ್ಲಿ 9, ಕಲ್ಪಿಸುವುದರಲ್ಲಿ 6, ದಿಕ್ಕಿನಲ್ಲಿ ಮಾತ್ರ 3 ಎಂದರೆ ನಾಳೆ ಅವನ ಕೈಗೆ ನಕ್ಷೆ ಕೊಡಬೇಕೆಂದು ಗೊತ್ತಾಗುತ್ತದೆ.

ಆದರೂ ಅಂಕವನ್ನು ತೀರ್ಪಿನಂತೆ ಓದಬಾರದು. ಸ್ವಲ್ಪ ಲೆಕ್ಕ ಮಾಡೋಣ. 30 ಪ್ರಶ್ನೆಗೂ ನಾಲ್ಕು ನಾಲ್ಕು ಆಯ್ಕೆ ಇದ್ದರೆ, ಪ್ರಶ್ನೆಯನ್ನು ಓದದೆಯೇ ಗುರುತು ಹಾಕಿದವರಿಗೂ ಸರಾಸರಿ ಏಳೆಂಟು ಅಂಕ ಬೀಳುತ್ತದೆ. ಹಾಗಾಗಿ 8 ಎಂದರೆ 'ಸ್ವಲ್ಪ ಬರುತ್ತದೆ' ಎಂದಲ್ಲ. ಇನ್ನೊಂದು ವಿಷಯ, ಯಾವ ಪರೀಕ್ಷೆಯೂ ತಕ್ಕಡಿಯಷ್ಟು ನಿಖರವಲ್ಲ. ಪರೀಕ್ಷೆಯ ವಿಶ್ವಾಸಾರ್ಹತೆ (ಮತ್ತೆ ಕೊಟ್ಟರೆ ಅಂಕ ಎಷ್ಟರ ಮಟ್ಟಿಗೆ ಹಾಗೆಯೇ ಉಳಿಯುತ್ತದೆ ಎಂಬುದರ ಅಳತೆ, ಗರಿಷ್ಠ 1) 0.80, ತರಗತಿಯ ಅಂಕಗಳ ಹರಹು, ಅಂದರೆ ಸ್ಟ್ಯಾಂಡರ್ಡ್ ಡೀವಿಯೇಶನ್, 5 ಎಂದುಕೊಳ್ಳಿ. 1ರಿಂದ 0.80 ಕಳೆದು, ಉಳಿದದ್ದರ ವರ್ಗಮೂಲವನ್ನು 5ರಿಂದ ಗುಣಿಸಿದರೆ ಸುಮಾರು 2.2 ಬರುತ್ತದೆ. ಅಂಕ ಆಚೀಚೆ ಅಲುಗಾಡುವುದು ಅಷ್ಟು. ಒಬ್ಬಳಿಗೆ 19 ಬಂದಿದ್ದರೆ ಅವಳ ನಿಜವಾದ ಮಟ್ಟ 17ರಿಂದ 21ರ ನಡುವೆ ಎಲ್ಲಿಯೋ ಇದೆ ಎನ್ನಬಹುದು, ಅದೂ ಸುಮಾರು ಮೂರರಲ್ಲಿ ಎರಡು ಪಾಲು ಭರವಸೆಯೊಂದಿಗೆ. ಪಕ್ಕದವಳಿಗೆ 20 ಬಂದಿದ್ದರೆ ಅವಳು ಇವಳಿಗಿಂತ ಜಾಣೆ ಎನ್ನಲು ಏನೂ ಆಧಾರವಿಲ್ಲ. 10 ಪ್ರಶ್ನೆಗಳ ಉಪಭಾಗಕ್ಕೆ ಬಂದರೆ, ಒಟ್ಟು ಅಂಕಕ್ಕೆ ಹೋಲಿಸಿದಾಗ ಈ ಅಲುಗಾಟ ಇನ್ನೂ ಜಾಸ್ತಿ. 3 ಮತ್ತು 9ರ ಅಂತರ ನಂಬಬಹುದು, 5 ಮತ್ತು 6ರದ್ದು ಬೇಡ.

ಗಡಿಯಾರದ ಮಾತೂ ಬರಲೇಬೇಕು. ಮೂರು ನಿಮಿಷದ ಗಡುವು ಇಟ್ಟರೆ ಅಳೆಯುವುದು ಬರೀ ಕೌಶಲವನ್ನಲ್ಲ, ವೇಗವನ್ನು ಮತ್ತು ಧೈರ್ಯವನ್ನು ಕೂಡ. ಹುಡುಗರು ಮತ್ತು ಹುಡುಗಿಯರ ಅಂಕಗಳ ಬಗ್ಗೆ ಇರುವ ಹಳೆಯ ಚರ್ಚೆಗೂ ಇದಕ್ಕೂ ನಂಟಿದೆ. ಮಾರ್ಸಿಯಾ ಲಿನ್ ಮತ್ತು ಆನ್ ಪೀಟರ್ಸನ್ 1985ರಲ್ಲಿ ಆವರೆಗಿನ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ದೊಡ್ಡ ಅಂತರ ಕಂಡದ್ದು ಮೆಂಟಲ್ ರೊಟೇಶನ್‌ನಲ್ಲಿ. ಹಂತಗಳಲ್ಲಿ ಕಲ್ಪಿಸುವ ಕೆಲಸದಲ್ಲಿ ಅಂತರ ಹೇಳಿಕೊಳ್ಳುವಂಥದ್ದಲ್ಲ. ಸಮಯದ ಗಡುವು ಸಡಿಲವಾದಾಗ ತಿರುಗಿಸುವುದರಲ್ಲಿನ ಅಂತರವೂ ಕುಗ್ಗುತ್ತದೆ ಎಂದು ಡೇನಿಯಲ್ ವಾಯರ್ 2011ರಲ್ಲಿ ತೋರಿಸಿದರು. ಹಾಗಾಗಿ 'ಹುಡುಗಿಯರಿಗೆ ಇದು ಬರಲ್ಲ' ಎನ್ನುವವರನ್ನು ಯಾವ ಪರೀಕ್ಷೆ, ಎಷ್ಟು ನಿಮಿಷ ಎಂದು ಕೇಳಬೇಕು. ತರಗತಿಯಲ್ಲಿ ಗಡುವಿಲ್ಲದೆ ಕೊಡುವುದೇ ಮೇಲು ಎಂಬುದು ನನ್ನ ಅಭಿಪ್ರಾಯ. ವೇಗ ತಿಳಿಯಬೇಕಿದ್ದರೆ ಮುಗಿಸಿದ ಹೊತ್ತನ್ನು ಮೂಲೆಯಲ್ಲಿ ಬರೆದುಕೊಂಡರಾಯಿತು.

ಕಲಿಸಿದರೆ ಬರುತ್ತದೆಯೇ?

ಬರುತ್ತದೆ. ಇದು ಹುಟ್ಟಿನಿಂದ ಬಂದ ವರ ಎಂದು ನಂಬಿದವರು ಬಹಳ. ಡೇವಿಡ್ ಉಟ್ಟಲ್ ಮತ್ತು ಸಂಗಡಿಗರು 2013ರಲ್ಲಿ 217 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ತರಬೇತಿಯಿಂದ ಸರಾಸರಿ ಅರ್ಧ ಸ್ಟ್ಯಾಂಡರ್ಡ್ ಡೀವಿಯೇಶನ್‌ಗೆ ತುಸು ಕಡಿಮೆ, ಅಂದರೆ 0.47ರಷ್ಟು ಸುಧಾರಣೆ ಕಂಡಿತು. ಶಿಕ್ಷಣದ ಪ್ರಯೋಗಗಳ ಮಟ್ಟಿಗೆ ಇದು ಸಣ್ಣದೇನಲ್ಲ. ಪೆಟ್ಟಿಗೆಯ ಘನ ಎಣಿಸಿದ ಆ ಬೆನ್-ಚೈಮ್ ತಂಡವೇ 1988ರಲ್ಲಿ 5ರಿಂದ 8ನೇ ತರಗತಿಯ ಸುಮಾರು 1000 ಮಕ್ಕಳ ಫಲಿತಾಂಶ ಪ್ರಕಟಿಸಿತು. ಮೂರು ವಾರ ಘನಗಳನ್ನು ಕಟ್ಟಿ, ಬೇರೆ ಬೇರೆ ಕಡೆಯಿಂದ ನೋಡಿ, ಬರೆದ ಮೇಲೆ ಅಂಕ ಚೆನ್ನಾಗಿಯೇ ಏರಿತು, ಹುಡುಗರಿಗೂ ಹುಡುಗಿಯರಿಗೂ.

ಇದರಿಂದ ಗಣಿತವೂ ಸುಧಾರಿಸುತ್ತದೆಯೇ ಎಂಬುದಕ್ಕೆ ಉತ್ತರ ಅಷ್ಟು ಸಲೀಸಲ್ಲ. ಅಮೆರಿಕದಲ್ಲಿ 1960ರಲ್ಲಿ ಸುಮಾರು 4 ಲಕ್ಷ ಪ್ರೌಢಶಾಲಾ ವಿದ್ಯಾರ್ಥಿಗಳನ್ನು ಪರೀಕ್ಷಿಸಿ ಮುಂದಿನ ವರ್ಷಗಳಲ್ಲಿ ಅವರ ಜಾಡು ಹಿಡಿದಿದ್ದರು. ಆ ಮಾಹಿತಿಯನ್ನು 2009ರಲ್ಲಿ ಮತ್ತೆ ನೋಡಿದಾಗ, ಗಣಿತ ಮತ್ತು ಭಾಷೆಯ ಅಂಕಗಳು ಹೇಳುವುದಕ್ಕೂ ಮೀರಿ, ಯಾರು ವಿಜ್ಞಾನ-ಎಂಜಿನಿಯರಿಂಗ್ ಕಡೆ ಹೋದರು ಎಂಬುದನ್ನು ಸ್ಪೇಷಿಯಲ್ ಅಂಕಗಳು ಸೂಚಿಸುತ್ತಿದ್ದವು. ಆದರೆ ಜೊತೆಗಿರುವುದು ಬೇರೆ, ಕಾರಣವಾಗುವುದು ಬೇರೆ. ಲೌರಿ ಮತ್ತು ಸಂಗಡಿಗರು ಆರನೇ ತರಗತಿಯಲ್ಲಿ 10 ವಾರ ಶಿಕ್ಷಕರಿಂದಲೇ ಕಲಿಸಿದಾಗ ಗಣಿತದ ಅಂಕವೂ ಏರಿತು. ಇನ್ನೂ ಚಿಕ್ಕ ಮಕ್ಕಳಿಗೆ ಟ್ಯಾಬ್ಲೆಟ್‌ನಲ್ಲಿ ಬರೀ ತಿರುಗಿಸುವ ಆಟ ಆಡಿಸಿದ ಒಂದು ಪ್ರಯೋಗದಲ್ಲಿ ತಿರುಗಿಸುವುದು ಸುಧಾರಿಸಿತು, ಗಣಿತ ಇದ್ದಲ್ಲೇ ಇತ್ತು. ಪಾಠದ ಜೊತೆ ಬೆರೆಸಿ ಕಲಿಸಿದರೆ ಕಲಿತದ್ದು ಗಣಿತಕ್ಕೂ ದಾಟುತ್ತದೆ, ಬರೀ ಆಟವಾಗಿ ಬಿಟ್ಟರೆ ಕಷ್ಟ ಎಂದು ನನಗನಿಸುತ್ತದೆ.

ಪೆನ್ಸಿಲಿನಾಚೆ

ಅಚ್ಚಾದ ಪರೀಕ್ಷೆ ಕೈಯಲ್ಲಿಲ್ಲದ ಶಿಕ್ಷಕರೂ ಬಹಳಷ್ಟು ತಿಳಿದುಕೊಳ್ಳಬಹುದು. ಹತ್ತು ಹನ್ನೆರಡು ಘನಗಳು, ಚುಕ್ಕಿ ಹಾಳೆ, ಹಳೆಯ ರಟ್ಟು ಸಾಕು. ಒಂದು ಪುಟ್ಟ ಕಟ್ಟಡ ಕಟ್ಟಿ, ನಾಲ್ಕು ಮಕ್ಕಳನ್ನು ನಾಲ್ಕು ಕಡೆ ಕೂರಿಸಿ, ಎದುರು ಕೂತವರಿಗೆ ಕಾಣುವಂತೆ ಬರೆಯಲು ಹೇಳಿ. ತನಗೆ ಕಾಣುವುದನ್ನೇ ಬರೆದು ಕೊಡುವ ಮಗು ಅಲ್ಲೇ ಗೊತ್ತಾಗುತ್ತದೆ. ಆಮೇಲೆ ತಿರುವುಮುರುವು: ಮೂರು ಕಡೆಯ ಚಿತ್ರ ಕೊಟ್ಟು ಕಟ್ಟಡ ಕಟ್ಟಿಸಿ. ಇಲ್ಲಿ ಒಂದಕ್ಕಿಂತ ಹೆಚ್ಚು ಸರಿ ಉತ್ತರ ಇರಬಹುದು. 'ಇನ್ನೂ ಕಡಿಮೆ ಘನದಲ್ಲಿ ಆಗುತ್ತಾ?' ಎಂದು ಕೇಳಿದಾಗ ಶುರುವಾಗುವ ಜಗಳ ಕೇಳಲು ಬಲು ಚೆಂದ.

ಕೈಗಳನ್ನು ನೋಡಿ. ಯೋಚಿಸುವಾಗ ಗಾಳಿಯಲ್ಲಿ ಮುಷ್ಟಿ ತಿರುಗಿಸುವ, ತಲೆ ಓರೆ ಮಾಡುವ, ಹಾಳೆಯನ್ನೇ ತಿರುಗಿಸುವ ಮಕ್ಕಳಿರುತ್ತಾರೆ. 'ಕೈ ಕಟ್ಟಿ ಕೂತ್ಕೋ' ಎನ್ನುವುದು ನಮ್ಮ ಅಭ್ಯಾಸ. ಆದರೆ ಕೈಸನ್ನೆ ಮಾಡಲು ಬಿಟ್ಟಾಗ ತಿರುಗಿಸುವ ಲೆಕ್ಕ ಚೆನ್ನಾಗಿ ಬರುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ಅದು ಕಾಪಿ ಹೊಡೆಯುವುದಲ್ಲ, ಯೋಚನೆಯ ಒಂದು ಭಾಗ. ಅವರ ಮಾತನ್ನೂ ಕೇಳಿ. 'ಹೇಗೆ ಗೊತ್ತಾಯ್ತು?' ಎಂಬ ಒಂದೇ ಪ್ರಶ್ನೆ 'ಒಂದು ಬಿಟ್ಟು ಒಂದು' ಎನ್ನುವ ಮಗುವನ್ನೂ ಮಡಚಿ ನೋಡಿದ ಮಗುವನ್ನೂ ಬೇರ್ಪಡಿಸುತ್ತದೆ.

ಒಂದು ಎಚ್ಚರಿಕೆ ಬೇಕು. ಮೇಜಿನ ಮೇಲಿನ ಘನ, ಕಾಗದದ ಮೇಲಿನ ನಕ್ಷೆ ಎಲ್ಲ ಸಣ್ಣ ಅಳತೆಯ ಲೋಕ. ದೊಡ್ಡ ಕಟ್ಟಡದೊಳಗೆ ಅಥವಾ ಅಪರಿಚಿತ ಬೀದಿಗಳಲ್ಲಿ ದಾರಿ ನೆನಪಿಟ್ಟುಕೊಳ್ಳುವುದು ಸ್ವಲ್ಪ ಮಟ್ಟಿಗೆ ಬೇರೆಯದೇ ಕೌಶಲ. ಘನದ ಪರೀಕ್ಷೆಯಲ್ಲಿ ಸೋತವಳು ದಾರಿ ತೋರಿಸುವುದರಲ್ಲಿ ಎಲ್ಲರಿಗಿಂತ ಮುಂದಿರಬಹುದು.

ಕಲಿಸಿ ಮುಗಿದ ಮೇಲೆ ಮತ್ತೆ ಅಳೆಯುವಾಗ ಅದೇ ಪ್ರಶ್ನೆಪತ್ರಿಕೆ ಕೊಡಬೇಡಿ. ಎರಡನೇ ಸಲ ನೋಡಿದ್ದಕ್ಕೇ ಅಂಕ ಏರುತ್ತದೆ. ಉಟ್ಟಲ್ ತಂಡ ನೋಡಿದ ಅಧ್ಯಯನಗಳಲ್ಲಿ ಏನೂ ತರಬೇತಿ ಪಡೆಯದ ಗುಂಪುಗಳೂ ಸುಮ್ನೆ ಮರುಪರೀಕ್ಷೆಯಿಂದಲೇ ಸುಧಾರಿಸಿದ್ದವು. 3×4×5 ಪೆಟ್ಟಿಗೆಯ ಬದಲು ಈ ಸಲ 2×3×6 ಕೊಡಿ. ಉತ್ತರ 36. ಮೊದಲು 47 ಎಂದಿದ್ದ ಮಗು ಈಗಲೂ ಕಾಣುವ ಚೌಕಗಳನ್ನೇ ಎಣಿಸುತ್ತಿದ್ದರೆ 6, 12, 18 ಸೇರಿ ಮತ್ತೆ 36 ಬಂದುಬಿಡುತ್ತದೆ! ಆ ಪೆಟ್ಟಿಗೆ ಬೇಡ. 2×4×5 ಕೊಡಿ. ಅಲ್ಲಿ ಸರಿ ಉತ್ತರ 40, ಚೌಕ ಎಣಿಸಿದವರಿಗೆ 38.